ಉದ್ದ ಜಾಕ್ ಎತ್ತಲಾರದ ಗಾಡಿ

“ಎಂಥ ನೆಲದ ಮೇಲೆ ಗಾಡಿ ಎತ್ಬೇಕು? ಮೊದಲು ಅದು ಹೇಳಿ,” ಎಂದ ಜಾಕ್ ಅಂಗಡಿಯವನು.

ನೆಲ ಎಂದೊಡನೆ ಅವಳ ಕಣ್ಣಿಗೆ ಕಟ್ಟಿದ್ದು ಪೊಲೀಸರು ತೋರಿಸಿದ ಫೋಟೋದ ಹಳೆಯ ಕಲ್ಲುಗಣಿಯ ಬಿಳಿ ಜಲ್ಲಿ. ಆ ಜಲ್ಲಿಯ ಮೇಲೆ, ಜೀಪಿನ ಮೂತಿಯ ಅಡಿಯಿಂದ ಹೊರಗೆ ಚಾಚಿಕೊಂಡಿದ್ದ ಒಂದು ಕೈ.

“ಜಲ್ಲಿ,” ಎಂದು ಅವಳ ಪರವಾಗಿ ಅಣ್ಣ ಹೇಳಿದ. “ಸಡಿಲ ಜಲ್ಲಿ. ಸ್ವಲ್ಪ ಇಳಿಜಾರು.”

ಹೋದ ವಾರ ಆ ಗಣಿಯಲ್ಲಿ ಅವಳ ಗಂಡನ ಪಾಲುದಾರ, ಊರೆಲ್ಲ ಗಡ್ಡ ಎಂದು ಕರೆಯುತ್ತಿದ್ದವನು, ತನ್ನದೇ ಜೀಪಿನ ಕೆಳಗೆ ಸತ್ತು ಬಿದ್ದಿದ್ದ. ಪಕ್ಕದಲ್ಲಿ ಉರುಳಿದ್ದ ಜಾಕ್ ಅವಳ ಗಂಡನದಾಗಿತ್ತು. ಗಂಡ ಈಗ ಪೊಲೀಸರ ವಶದಲ್ಲಿದ್ದ. ನಾಳೆ ಬೆಳಿಗ್ಗೆ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಏನಾದರೂ ಸಿಗಬೇಕು.

ಗಡ್ಡನೂ ಅವಳ ಗಂಡನೂ ಸೇರಿ ಒಂದು ಕೆಲಸ ಮಾಡಿಕೊಂಡಿದ್ದರು. ಕಾಡಿನ ದಾರಿಯಲ್ಲೋ ಹೊಳೆಯ ಮರಳಲ್ಲೋ ಸಿಕ್ಕಿಹಾಕಿಕೊಂಡ ಗಾಡಿಗಳನ್ನು ಎಳೆದು ಮೇಲೆ ತರುವುದು. ಶೋಕಿಗೆ ಹೋಗಿ ಕೆಸರಲ್ಲಿ ಕುಂತವರಿಗೆಲ್ಲ ಅವರೇ ಗತಿ. ಗಡ್ಡ ಸಾಯುವ ಹಿಂದಿನ ದಿನ ಗ್ಯಾರೇಜಿನಲ್ಲಿ ಹತ್ತು ಜನರೆದುರು ಇಬ್ಬರಿಗೂ ಜಗಳವಾಗಿತ್ತು. ‘ಪಾಲುದಾರಿಕೆ ಬಿಟ್ಟೆ’ ಎಂದು ಗಡ್ಡ ಹೊರಟಾಗ, ‘ಹೋಗು, ಎಲ್ಲಾದ್ರೂ ಸಾಯಿ’ ಎಂದು ಗಂಡ ಕೂಗಿದ್ದ. ಸಿಟ್ಟಿನ ಬಾಯಿಗೆ ಬಂದ ಮಾತು. ಆದರೆ ಕೇಳಿಸಿಕೊಂಡವರಿಗೆ ಸಿಟ್ಟು ನೆನಪಿರಲಿಲ್ಲ, ಮಾತಷ್ಟೇ ನೆನಪಿತ್ತು.

ಜಾಕನ್ನು ಯಾರಿಗೋ ಕೊಟ್ಟಿದ್ದೆ ಎಂದು ಗಂಡ ಮೊದಲ ದಿನವೇ ಹೇಳಿದ್ದ. ಯಾರಿಗೆ ಎಂದು ಕೇಳಿದರೆ ಗೋಡೆ ನೋಡುತ್ತಿದ್ದ. ಅವಳು ಕೇಳಿದರೂ ಗೋಡೆಯನ್ನೇ.

“ಜಲ್ಲಿ ಆದ್ರೆ ತಳಕ್ಕೆ ಅಗಲವಾದ ಹಲಗೆ ಬೇಕು,” ಎಂದ ಅಂಗಡಿಯವನು. “ಇಲ್ದಿದ್ರೆ ಗಾಡಿ ಮೇಲೇಳಲ್ಲ, ಜಾಕ್ ನೆಲದೊಳಗೆ ಇಳಿಯುತ್ತೆ. ಗಾಡಿ ತೂಕ? ಟಯರ್ ಎಷ್ಟು ದೊಡ್ಡದು? ಸ್ಪ್ರಿಂಗ್ ಎತ್ತರಿಸಿದ್ದಾರಾ, ಹಾಗೇ ಇದೆಯಾ?”

ಊರಲ್ಲಿ ಇವನನ್ನು ಪ್ರಶ್ನೆಪತ್ರಿಕೆ ಎಂದೇ ಕರೆಯುತ್ತಿದ್ದರು. ಅವನಂಗಡಿಯಲ್ಲಿ ಒಂದು ಬೋಲ್ಟು ಕೊಳ್ಳುವುದಕ್ಕೂ ಪರೀಕ್ಷೆ ಪಾಸಾಗಬೇಕು ಎಂದು ಗಂಡ ನಗುತ್ತಿದ್ದ. ತನ್ನ ದನಿ ತನಗೇ ಬಲು ಇಂಪು ಎಂದುಕೊಂಡವನ ಹಾಗೆ, ಪ್ರತಿ ಪ್ರಶ್ನೆ ಮುಗಿದ ಮೇಲೂ ಅವನು ಒಂದು ಕ್ಷಣ ತಲೆ ಓರೆಮಾಡಿ ನಿಲ್ಲುತ್ತಿದ್ದ. ಅಂಗಡಿ ತುಂಬ ಹೊಸ ರಬ್ಬರಿನ ವಾಸನೆ. ಮೇಲಿನಿಂದ ಸರಪಳಿಗಳು, ಎಳೆಯುವ ಪಟ್ಟಿಗಳು, ಕೈಯಷ್ಟು ದಪ್ಪದ ಕೊಕ್ಕೆಗಳು ಜೋತಾಡುತ್ತಿದ್ದವು. ಅವುಗಳ ಕೆಳಗೆ ನಿಲ್ಲಲು ಹೆದರಿ ಅವಳು ಗೋಡೆಯ ಪಕ್ಕ ಸರಿದಳು. ಈ ವಾರವಿಡೀ ಹೀಗೇ. ತಲೆಯ ಮೇಲೆ ಇರುವ ಯಾವುದನ್ನೂ ನಂಬಲಾಗುತ್ತಿರಲಿಲ್ಲ.

ಇಲ್ಲಿಗೆ ಬರೋಣ ಎಂದವನು ಅಣ್ಣ. ಇನ್ಸ್‌ಪೆಕ್ಟರ್ ಹಿಡಿದುಕೊಂಡಿದ್ದದ್ದು ಒಂದೇ ವಿಷಯ. ಅಂಥ ಉದ್ದ ಜಾಕಿಗೆ ಹೆಬ್ಬೆರಳಿನಷ್ಟು ಒಂದು ಲಿವರ್ ಇರುತ್ತದೆ. ಅದು ಮೇಲ್ಮುಖವಾಗಿದ್ದರೆ ಹ್ಯಾಂಡಲ್ ಒತ್ತಿದಾಗ ಗಾಡಿ ಮೇಲೇರುತ್ತದೆ, ಕೆಳಮುಖವಾಗಿದ್ದರೆ ಇಳಿಯುತ್ತದೆ. ಗಣಿಯಲ್ಲಿ ಸಿಕ್ಕ ಜಾಕಿನ ಲಿವರ್ ಕೆಳಮುಖವಾಗಿತ್ತು. ಕೆಳಗೆ ಮಲಗಿದವನ ಕೈಗೆ ಅದು ಎಟುಕುವುದಿಲ್ಲ. ಮೇಲೆ ನಿಂತ ಯಾರೋ ಇಳಿಸಿದ್ದಾರೆ ಎಂಬುದು ಅವನ ವಾದ. ಅದಕ್ಕೆ ಅಣ್ಣನ ಉಪಾಯ ಹೀಗಿತ್ತು: ಅಂಥದೇ ಜಾಕ್ ಕೊಂಡು, ಇನ್ಸ್‌ಪೆಕ್ಟರ್ ಎದುರಿಗೇ ಬೀಳಿಸಿ, ಬಿದ್ದ ಹೊಡೆತಕ್ಕೆ ಲಿವರ್ ತಾನಾಗಿ ತಿರುಗುತ್ತದೆ ಎಂದು ತೋರಿಸಿಬಿಡುವುದು. ಜಾರಿತು, ಬಿತ್ತು, ಅಪಘಾತ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಅಣ್ಣ ಹಲ್ಲಿನ ಡಾಕ್ಟರು. ಅಪ್ಪ ಹೋದ ಮೇಲೆ ಅವಳ ಪಾಲಿಗೆ ಅಣ್ಣನೇ ತವರು. ಗಂಡನನ್ನು ಕರೆದೊಯ್ದ ದಿನದಿಂದ ಕ್ಲಿನಿಕ್ ಮುಚ್ಚಿ ಅವಳ ಹಿಂದೆಯೇ ತಿರುಗುತ್ತಿದ್ದ. ಅವಳು ಊಟ ಬಿಟ್ಟರೆ ಅವನೂ ಬಿಡುತ್ತಿದ್ದ.

ಪ್ರಶ್ನೆಪತ್ರಿಕೆ ಒಂದೊಂದೇ ಜಾಕ್ ತಂದು ಅವಳ ಮುಂದಿಟ್ಟ. ಬಾಟಲ್ ಜಾಕ್ ಗಿಡ್ಡ, ಬಲಶಾಲಿ, ಲಾರಿಯನ್ನೂ ಎತ್ತುತ್ತದೆ, ಆದರೆ ಎತ್ತರಿಸಿದ ಗಾಡಿಯ ಕೆಳಗೆ ಅದು ಕುಳ್ಳನ ಹೆಗಲ ಮೇಲೆ ಮೂಟೆ ಇಟ್ಟ ಹಾಗೆ, ಚಕ್ರ ನೆಲ ಬಿಡುವಷ್ಟರಲ್ಲಿ ಅದರ ಉಸಿರು ಮುಗಿದಿರುತ್ತದೆ ಎಂದ. ಚಕ್ರದ ಟ್ರಾಲಿ ಜಾಕ್ ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ರಾಜ, ಜಲ್ಲಿಯ ಮೇಲೆ ಭಿಕಾರಿ. ಸೈಲೆನ್ಸರಿನ ಹೊಗೆ ತುಂಬಿಸಿ ಉಬ್ಬಿಸುವ ಚೀಲದ ಜಾಕ್ ಮರಳಿಗೆ ಒಳ್ಳೆಯದು, ಚೂಪು ಕಲ್ಲು ತಾಗಿದರೆ ಹೋಯಿತು.

“ನಮಗೆ ಇದೇ ಬೇಕು,” ಎಂದು ಅಣ್ಣ ಮೂಲೆಯಲ್ಲಿ ನಿಲ್ಲಿಸಿದ್ದ ಉದ್ದ ಜಾಕಿನ ಕಡೆ ಕೈತೋರಿದ.

ಅವಳು ಅದನ್ನು ನೋಡಿದಳು. ಆಳೆತ್ತರದ ಕಬ್ಬಿಣದ ಪಟ್ಟಿ, ಉದ್ದಕ್ಕೂ ತೂತುಗಳು. ಅದನ್ನು ಹತ್ತಿಳಿಯುವ ಒಂದು ಭಾರದ ಮುಷ್ಟಿ. ಮುಷ್ಟಿಯಿಂದ ಹೊರಚಾಚಿದ ಚಪ್ಪಟೆ ನಾಲಿಗೆ. ಗಾಡಿಯ ಭಾರವೆಲ್ಲ ಆ ನಾಲಿಗೆಯ ಮೇಲೆ ಕೂರಬೇಕು. ಗಂಡನದು ಹೀಗೆಯೇ ಇತ್ತು, ಹಿಡಿಗೆ ಕೆಂಪು ಬಣ್ಣ ಅಷ್ಟೆ.

“ಅದು ಕೊಲ್ಲೋ ಸಾಮಾನು,” ಎಂದ ಪ್ರಶ್ನೆಪತ್ರಿಕೆ ಹೆಮ್ಮೆಯಿಂದ. ಹೇಳಿದ ಮೇಲೆ ತಾನು ಯಾರೆದುರು ಹೇಳಿದೆ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಗಡಿಬಿಡಿಯಲ್ಲಿ ಮುಂದಿನ ಪ್ರಶ್ನೆಗೆ ಹಾರಿದ. “ಗಾಡಿ ಮುಂದೆ ಏನಿದೆ? ಕಬ್ಬಿಣದ ಬಂಪರಾ?”

“ಪ್ಲಾಸ್ಟಿಕ್,” ಎಂದಳು ಅವಳು. ಗಡ್ಡನ ಜೀಪನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಳು. “ಕಬ್ಬಿಣದ್ದು ಸೀಳಿತ್ತು ಅಂತ ಬಿಚ್ಚಿ ಬೆಸುಗೆಗೆ ಇಟ್ಟಿದ್ರು. ನಮ್ಮ ಹಿತ್ತಲಲ್ಲೇ ಬಿದ್ದಿದೆ. ಬೆಳಿಗ್ಗೆ ಕೂಡ ಎಡವಿದೆ. ಅದು ಆಗೋವರೆಗೆ ಅಂತ ಗಾಡಿ ಜೊತೆ ಬಂದ ಹಳೇ ಪ್ಲಾಸ್ಟಿಕ್ಕೇ ಹಾಕಿದ್ರು.”

“ಪಕ್ಕದಲ್ಲಿ? ಬಾಗಿಲ ಕೆಳಗೆ ಕಬ್ಬಿಣದ ಕಂಬಿ?”

“ಇಲ್ಲ. ಏನೂ ಇರ್ಲಿಲ್ಲ.”

“ಹಾಗಾದ್ರೆ ಈ ಜಾಕ್ ನಿಮಗೆ ಬೇಡ. ಕೊಡೋದೂ ಇಲ್ಲ.” ಅವನು ಜಾಕಿನ ನಾಲಿಗೆಯನ್ನು ತಟ್ಟಿ ತೋರಿಸಿದ. “ಇದಕ್ಕೆ ಕಚ್ಚೋಕೆ ಕಬ್ಬಿಣ ಬೇಕು. ಪ್ಲಾಸ್ಟಿಕ್‌ಗೆ ಕೊಟ್ರೆ ಬಂಪರ್ ಕಿತ್ತು ಕೈಗೆ ಬರುತ್ತೆ, ಗಾಡಿ ಇದ್ದಲ್ಲೇ ಇರುತ್ತೆ. ಒಂದು ಬೆರಳಗಲ ಕೂಡ ಮೇಲೇಳಲ್ಲ.”

ಅವಳು ಕೇಳಿಸಿಕೊಂಡಳು. ಮತ್ತೊಮ್ಮೆ ಹೇಳಿ ಎಂದಳು. ಅವನು ಸಂತೋಷದಿಂದ ಮತ್ತೊಮ್ಮೆ ಹೇಳಿದ.

ಗಡ್ಡನ ಜೀಪಿನ ಬಂಪರ್ ಕಿತ್ತು ಬಂದಿರಲಿಲ್ಲ. ಪೊಲೀಸರ ಫೋಟೋದಲ್ಲಿ ಅದು ಇಟ್ಟ ಹಾಗೇ ಇತ್ತು, ಒಂದು ಗೀರೂ ಇಲ್ಲದೆ. ಅಂದರೆ ಆ ಜಾಕ್ ಆ ಜೀಪನ್ನು ಎತ್ತಿಯೇ ಇಲ್ಲ. ಎತ್ತದ ಗಾಡಿ ಇಳಿಯುವುದೆಲ್ಲಿಂದ? ಆದರೆ ಕೆಳಮುಖವಾದ ಲಿವರ್ ಏನನ್ನೋ ಇಳಿಸಿದೆ; ಹಾಗಾದರೆ ಗಡ್ಡ ಸತ್ತದ್ದು ಬೇರೆ ಯಾವುದೋ ಗಾಡಿಯ ಕೆಳಗೆ. ಮುಂದೆ ಕಬ್ಬಿಣ ಇರುವ ಗಾಡಿ. ಆಮೇಲೆ ಯಾರೋ ಅವನನ್ನು ಎಳೆದು ತಂದು ಮಲಗಿಸಿ, ಇಳಿಜಾರಿನಲ್ಲಿ ಅವನ ಜೀಪನ್ನೇ ಅವನ ಮೇಲೆ ಉರುಳಿಸಿ, ಪಕ್ಕಕ್ಕೆ ಜಾಕ್ ಎಸೆದು ಹೋಗಿದ್ದಾರೆ. ಜಾಕಿನ ಸಂಗತಿ ಅಷ್ಟಾಗಿ ಗೊತ್ತಿಲ್ಲದ ಯಾರೋ.

ಅವಳ ಗಂಡನಿಂದ ನಿದ್ದೆಗಣ್ಣಿನಲ್ಲೂ ಇಂಥ ತಪ್ಪು ಆಗುವುದಿಲ್ಲ. ಮತ್ತೆ, ಅವನ ಗಾಡಿ ಆ ವಾರವೆಲ್ಲ ಎಂಜಿನ್ ಬಿಚ್ಚಿಸಿಕೊಂಡು ಗ್ಯಾರೇಜಿನಲ್ಲಿ ಕುಳಿತಿತ್ತು. ಊರಿಗೆ ಊರೇ ನೋಡಿದೆ.

ಎದೆಯ ಮೇಲಿನ ಬಂಡೆಯನ್ನು ಯಾರೋ ಸರಿಸಿದ ಹಾಗಾಯಿತು. ಅವಳು ಅಣ್ಣನ ಕಡೆ ತಿರುಗಿದಳು. ಇದೇ ಕ್ಷಣದಲ್ಲಿ ಅವನೂ ತನ್ನತ್ತ ತಿರುಗಿರುತ್ತಾನೆ, ಅವನ ಕಣ್ಣೂ ಒದ್ದೆಯಾಗಿರುತ್ತದೆ ಎಂದುಕೊಂಡಿದ್ದಳು.

ಅಣ್ಣ ಒಂದು ಎಳೆಯುವ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅದರ ಹೊಲಿಗೆ ನೋಡುತ್ತಿದ್ದ.

“ಅದೆಲ್ಲ ಇರ್ಲಿ,” ಎಂದ, ತಲೆಯೆತ್ತದೆ. “ನಮಗೆ ಆ ಜಾಕೇ ಕಟ್ಟಿ ಕೊಡಿ.”

ಅವಳು ಸರಪಳಿಗಳ ಹಿಂದೆ ಹೋಗಿ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದಳು. ನನ್ನ ಗಂಡ ಮಾಡಿಲ್ಲ ಅನ್ನೋದಕ್ಕೆ ಸಾಕ್ಷಿ ಸಿಕ್ಕಿದೆ, ಜಾಕ್ ಅಂಗಡಿಯಲ್ಲಿದ್ದೀನಿ, ಬಂದರೆ ಕಣ್ಣಾರೆ ತೋರಿಸ್ತೀನಿ ಎಂದಳು. ಇನ್ಸ್‌ಪೆಕ್ಟರ್, ನಾನೂ ನಿಮ್ಮನ್ನೇ ಹುಡುಕ್ತಾ ಇದ್ದೆ, ಬರ್ತೀನಿ ಎಂದ. ಯಾಕೆ ಎಂದು ಕೇಳಲು ಅವಳಿಗೆ ಆಗ ತೋಚಲಿಲ್ಲ.

ತಿರುಗಿದರೆ ಅಣ್ಣ ಹಿಂದೆಯೇ ನಿಂತಿದ್ದ.

“ಯಾರಿಗೆ?”

“ಆಸ್ಪತ್ರೆಗೆ. ಎರಡು ದಿನ ರಜೆ ಬೇಕು ಅಂದೆ.”

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಅಣ್ಣನಿಗೆ ಅವಳು ಎಂದೂ ಸುಳ್ಳು ಹೇಳಿದವಳಲ್ಲ. ಈಗ ಯಾಕೆ ಹೇಳಿದೆ? ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತ್ತು. ಕತ್ತಲ ಕೋಣೆಗೆ ಕಾಲಿಡುವ ಮುಂಚೆ ಕೈ ತಾನಾಗಿ ಗೋಡೆ ಹಿಡಿಯುತ್ತದಲ್ಲ, ಹಾಗೆ.

ಅಣ್ಣ ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ.

ಇತ್ತ ಪ್ರಶ್ನೆಪತ್ರಿಕೆ ಜಾಕ್ ಕಟ್ಟಿಕೊಡಲು ಒಪ್ಪಲಿಲ್ಲ. ಎತ್ತಿ ಇಳಿಸಿ ತೋರಿಸದೆ ಈ ಸಾಮಾನು ಅಂಗಡಿಯ ಹೊಸಿಲು ದಾಟುವುದಿಲ್ಲ, ಅದು ತನ್ನ ನೇಮ ಎಂದ. ಹೊರಗೆ ನಿಂತಿರುವ ಡಾಕ್ಟರ ಗಾಡಿಗೆ ಒಳ್ಳೆ ಕಬ್ಬಿಣದ ಬಂಪರೇ ಇದೆಯಲ್ಲ, ಅದಕ್ಕೇ ಹಾಕಿ ತೋರಿಸುತ್ತೇನೆ ಎಂದು ಜಾಕನ್ನು ಹೆಗಲಿಗೇರಿಸಿದ.

ಅಣ್ಣ ಬೇಡ ಎಂದ. ಹೊತ್ತಾಯಿತು ಎಂದ. ಇದಕ್ಕೆ ಇಂದಿನವರೆಗೆ ಜಾಕ್ ಮುಟ್ಟಿಸಿಲ್ಲ, ಬಣ್ಣ ಹಾಳಾಗುತ್ತದೆ ಎಂದ.

“ಗಾಡಿಗೆ ನೋವಾಗುತ್ತೆ ಅಂತನಾ ಡಾಕ್ಟ್ರೇ? ಸೂಜಿ ಕೊಟ್ಟು ಮರಗಟ್ಟಿಸಿ ಆಮೇಲೆ ಎತ್ತೋಣ ಬನ್ನಿ.”

ಅಂಗಡಿಯ ಬಾಗಿಲಲ್ಲಿ ಯಾರೋ ನಕ್ಕರು. ನಗುವಿನ ಮುಂದೆ ಹಟ ಹಿಡಿಯುವುದು ಕಷ್ಟ. ಅಣ್ಣ ಹೊರಗೆ ಬಂದ.

ಅಂಗಡಿಯ ಪಕ್ಕಕ್ಕೆ ಗೋಡೆಯಿರುವ ಅಂಗಳ. ಹಳೆಯ ಟಯರುಗಳ ರಾಶಿ, ಎಣ್ಣೆ ಕುಡಿದು ಕಪ್ಪಾದ ನೆಲ, ಒಂದೇ ಒಂದು ಗೇಟು. ನಡುವೆ ಅಣ್ಣನ ಗಾಡಿ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಮುಂದೆ ಕಪ್ಪು ಕಬ್ಬಿಣದ ಬಂಪರ್, ಮೇಲೆ ದೀಪಗಳ ಸಾಲು, ಪಕ್ಕಕ್ಕೆ ಗುದ್ದಲಿ ಕೂಡ. ಇಷ್ಟೆಲ್ಲ ಇದ್ದು ಅದು ಕೆಸರು ಕಂಡದ್ದಿಲ್ಲ. ‘ಭಾವನ ಗಾಡಿ ಅಲಂಕಾರಕ್ಕಿಟ್ಟ ಹಲ್ಲಿನ ಸೆಟ್ಟು, ಕಡಿಯೋಕಲ್ಲ’ ಎಂದು ಅವಳ ಗಂಡ ರೇಗಿಸಿದರೆ ಅಣ್ಣ ತಾನೂ ನಗುತ್ತಿದ್ದ. ಈ ಗಾಡಿಗೆ ಇಂದಿನವರೆಗೆ ಜಾಕ್ ಮುಟ್ಟಿಸಿಲ್ಲ ಎಂಬುದು ಅವನ ಹೆಮ್ಮೆ. ಈಗ ಅಂಗಡಿಯಲ್ಲೂ ಅದನ್ನೇ ಹೇಳಿದ್ದ.

ಪ್ರಶ್ನೆಪತ್ರಿಕೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ನೆಲಕ್ಕೆ ಹಲಗೆ ಹಾಸಿ ಜಾಕ್ ನಿಲ್ಲಿಸಿದ. ಬಂಪರಿನ ಎಡಕ್ಕೂ ಬಲಕ್ಕೂ ಜಾಕಿಗಾಗಿಯೇ ಕೊರೆದ ಒಂದೊಂದು ಕಂಡಿ ಇತ್ತು, ಬಾಯಿ ತೆರೆದ ಹಾಗೆ. ಎಡಗಡೆಯ ಕಂಡಿಗೆ ಜಾಕಿನ ನಾಲಿಗೆ ತೂರಿಸಿ, ಹ್ಯಾಂಡಲನ್ನು ಅಣ್ಣನ ಕೈಗೆ ಕೊಟ್ಟ.

“ಮುಖ ಪಕ್ಕಕ್ಕೆ ಇಟ್ಕೊಂಡು ಒತ್ತಿ. ಲಿವರ್ ಕೆಳಗೆ ತಿರುಗಿಸಿ ಕೈಬಿಟ್ರೋ, ಹ್ಯಾಂಡಲ್ ತಾನಾಗಿ ಕುಣಿಯುತ್ತೆ. ದವಡೆಗೆ ಬಿದ್ರೆ ನಿಮಗೇ ಒಬ್ಬ ಗಿರಾಕಿ ಹೆಚ್ಚು.”

ಅಣ್ಣ ಒತ್ತಿದ. ಟಕ್ ಎಂದಿತು. ಮತ್ತೆ ಒತ್ತಿದ. ಒಂದೊಂದು ತೂತಿಗೂ ಒಂದೊಂದು ಟಕ್. ಆ ಸದ್ದು ಅವಳ ಹಲ್ಲಿನ ಬೇರಿಗೆ ತಾಗುತ್ತಿತ್ತು. ಮುಂಚಕ್ರ ಮೊದಲು ಹಗುರಾಯಿತು, ಆಮೇಲೆ ನೆಲ ಬಿಟ್ಟು ಗಾಳಿಯಲ್ಲಿ ನಿಧಾನವಾಗಿ ತಿರುಗಿತು.

ಅಷ್ಟರಲ್ಲಿ ಒಳಗಿನಿಂದ ಯಾರೋ ಗಿರಾಕಿ ಕೂಗಿದ. ಹ್ಯಾಂಡಲ್ ನೆಟ್ಟಗೆ ನಿಲ್ಲಿಸಿ, ಏನೂ ಮುಟ್ಟಬೇಡಿ, ಈಗ ಬಂದೆ ಎಂದು ಪ್ರಶ್ನೆಪತ್ರಿಕೆ ಒಳಗೆ ಹೋದ. ಅಂಗಳದಲ್ಲಿ ಅಣ್ಣ ತಂಗಿ ಇಬ್ಬರೇ ಉಳಿದರು.

ಬಂಪರಿನ ಬಲಗಡೆಯ ಕಂಡಿ ಅವಳ ಕಣ್ಣಿಗೆ ಬಿದ್ದದ್ದು ಆಗ.

ಅದರ ಮೇಲಂಚಿನ ಕಪ್ಪು ಬಣ್ಣ ಕಿತ್ತುಹೋಗಿತ್ತು. ಉಗುರಿನಾಕಾರದ ಒಂದು ಹೊಳಪು, ಬರಿಯ ಲೋಹ, ಇನ್ನೂ ತುಕ್ಕು ಕೂಡ ಹಿಡಿಯದ್ದು. ಅವಳು ಕುಕ್ಕರುಗಾಲಲ್ಲಿ ಕೂತು ಬಗ್ಗಿದಳು. ಕಂಡಿಯ ಮೂಲೆಯಲ್ಲಿ, ತೊಳೆಯುವ ನೀರು ತಲುಪದ ಕಡೆ, ಬಿಳಿ ಪುಡಿ ಮೆತ್ತಿಕೊಂಡಿತ್ತು. ಬೆರಳು ಹಾಕಿದಳು. ಕಲ್ಲಿನ ಪುಡಿ. ನುಣ್ಣಗೆ, ಪೌಡರಿನ ಹಾಗೆ. ಫೋಟೋದಲ್ಲಿ ಗಡ್ಡನ ಕೈಯ ಕೂದಲಿಗೆ ಅಂಟಿಕೊಂಡಿದ್ದದ್ದು ಇದೇ.

ಅವಳ ಕೆಲಸ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ. ಆ ಕೋಣೆಯಲ್ಲಿ ಮೊದಲು ಕಲಿಸುವ ಪಾಠವೇ ಒಂದು: ಪರದೆಯ ಮೇಲೆ ಏನೇ ಕಾಣಲಿ, ಮುಖದಲ್ಲಿ ತೋರಿಸಬೇಡ. ಮಲಗಿದವರು ನಿನ್ನ ಮುಖವನ್ನೇ ಓದುತ್ತಿರುತ್ತಾರೆ. ವರ್ಷಗಟ್ಟಲೆ ಅಭ್ಯಾಸದಿಂದ ಅವಳಿಗೆ ಅದು ಕಣ್ಣು ಮಿಟುಕಿಸುವಷ್ಟು ಸಹಜವಾಗಿತ್ತು. ಮುರಿದ ಮೂಳೆ ಕಂಡಷ್ಟೂ ಮುಖ ನಿಂತ ನೀರಾಗುತ್ತಿತ್ತು.

ಈಗಲೂ ಹಾಗೇ ಆಯಿತು. ಪುಡಿ ಹತ್ತಿದ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು, ಮುಖ ತಿಳಿಯಾಗಿಯೇ ನಿಂತಿತು.

“ಏನು ಕಾಣ್ತು?” ಎಂಬ ದನಿ ತಲೆಯ ಮೇಲಿನಿಂದ ಬಂತು.

“ಏನಿಲ್ಲ. ಬಣ್ಣ ಚೆನ್ನಾಗಿದೆ.”

“ಪುಟ್ಟಿ.”

ಅವಳು ಮೇಲೆ ನೋಡಿದಳು. ಅಣ್ಣ ಜಾಕಿನ ಪಕ್ಕ ನಿಂತಿದ್ದ. ಮುಟ್ಟಬೇಡಿ ಎಂದು ಹೇಳಿಹೋದ ಹ್ಯಾಂಡಲಿನ ಮೇಲೆ ಅವನ ಕೈಯಿತ್ತು.

“ಈ ಮುಖ ನನಗೆ ಗೊತ್ತು,” ಎಂದ ಅಣ್ಣ. “ಅಪ್ಪನ ಎದೆಯ ಫಿಲ್ಮ್ ತೆಗೆದ ದಿನ ನೀನು ಹೀಗೇ ಹೊರಗೆ ಬಂದಿದ್ದೆ. ಏನಿಲ್ಲ ಅಂದಿದ್ದೆ. ಅವತ್ತೇ ನನಗೆ ಗೊತ್ತಾಯ್ತು, ಅಪ್ಪ ಉಳಿಯಲ್ಲ ಅಂತ.”

ಅವಳ ಮೊಣಕಾಲುಗಳು ಬಂಪರಿನ ಅಡಿಯಲ್ಲಿದ್ದವು. ಹಿಂದಕ್ಕೆ ಸರಿಯೋಣವೆಂದರೆ ಬೆನ್ನಿಗೆ ಟಯರಿನ ರಾಶಿ. ಗಾಳಿಯಲ್ಲಿದ್ದ ಚಕ್ರ ಇನ್ನೂ ಪೂರ್ತಿ ನಿಂತಿರಲಿಲ್ಲ.

“ಗಾಡಿಗೆ ಜಾಕ್ ಮುಟ್ಟಿಸಿಲ್ಲ ಅಂದಿದ್ದೆ,” ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿಸಿತು.

“ನಾನು ಮುಟ್ಟಿಸಿಲ್ಲ.”

“ಮತ್ತೆ ಇದು?”

ಅಣ್ಣನ ಹೆಬ್ಬೆರಳು ಲಿವರಿನ ಮೇಲೆ ಬಂದು ಕೂತಿತು. ಬೇಕೆಂದು ಕೂತಿತೋ, ಯೋಚನೆಯಲ್ಲಿ ಕೂತಿತೋ ಹೇಳುವುದಕ್ಕಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಮೇಲೆ ಅವಳನ್ನು ಕೂರಿಸಿ ರಟ್ಟೆ ಹಿಡಿದಿರುತ್ತಿದ್ದ ಕೈ ಅದು. ಬಿಡಲ್ಲ ಕಣೇ ಎನ್ನುತ್ತಿದ್ದ. ಬಿಟ್ಟಿರಲಿಲ್ಲ.

“ಕೈ ತೆಗಿ ಅಣ್ಣ.”

ಅವನು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ. ಹೆಬ್ಬೆರಳನ್ನು ತೆಗೆದ. ಹ್ಯಾಂಡಲ್ ಬಿಡಲಿಲ್ಲ.

“ಅವತ್ತು ಗಾಡಿ ನನ್ನ ಹತ್ರ ಇರ್ಲಿಲ್ಲ,” ಎಂದ. “ಬೆಳಿಗ್ಗೆ ಕ್ಲಿನಿಕ್ಕಿಗೆ ಬಂದು ಕೀ ಇಸ್ಕೊಂಡು ಹೋದ.”

“ಯಾರು?”

“ಅವನ ಗಾಡಿ ಎಂಜಿನ್ ಬಿಚ್ಚಿ ಕೂತಿತ್ತಲ್ಲ. ಇನ್ಯಾರ ಗಾಡಿ ಕೇಳ್ತಾನೆ? ನಿನ್ನ ಗಂಡ ಕಣೇ.”

ಸಂಜೆ ವಾಪಸು ತಂದು ನಿಲ್ಲಿಸಿದ, ತೊಳೆದು ತಂದಿದ್ದ, ನಾನು ಏನೂ ಕೇಳಲಿಲ್ಲ, ಮಾರನೆಯ ದಿನ ಗಡ್ಡನ ಸುದ್ದಿ ಬಂದಾಗ ಎಲ್ಲ ಅರ್ಥವಾಯಿತು ಎಂದು ಅಣ್ಣ ಒಂದೇ ಸಮನೆ ಹೇಳಿದ.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಹೇಳಿ? ನಿನ್ನ ಸಂಸಾರ ನಾನೇ ಮುರೀಲಾ? ಅಪಘಾತ ಅಂತ ಆಗಿಬಿಟ್ರೆ ಅವನೂ ಉಳೀತಾನೆ, ನೀನೂ ಉಳೀತೀಯ ಅಂತ ಒದ್ದಾಡ್ತಾ ಇದ್ದೀನಿ. ನೀನು ನೋಡಿದ್ರೆ ಆ ಬಾಯಿಬಡುಕನ ಮಾತು ಹಿಡ್ಕೊಂಡು ಕುಣೀತಿದ್ದೀಯ.”

ಅಣ್ಣ ಸುಳ್ಳು ಹೇಳುವಾಗ ದನಿ ಮೆತ್ತಗಾಗುತ್ತದೆ. ಕಷ್ಟವೆಂದರೆ ನಿಜ ಹೇಳುವಾಗಲೂ ಮೆತ್ತಗಾಗುತ್ತದೆ. ‘ಸ್ವಲ್ಪವೂ ನೋವಾಗಲ್ಲ’ ಎಂದು ದಿನವಿಡೀ ಹೇಳುವವನ ದನಿ ಅದು. ಅದರಲ್ಲಿ ಯಾವುದು ಔಷಧಿ, ಯಾವುದು ಸೂಜಿ ಎಂದು ತಂಗಿಗೂ ಬಿಡಿಸಲು ಬರುತ್ತಿರಲಿಲ್ಲ.

ಒಬ್ಬನು ಗೋಡೆ ನೋಡುತ್ತಾನೆ, ಇನ್ನೊಬ್ಬನು ಮೆತ್ತಗೆ ಮಾತಾಡುತ್ತಾನೆ. ಇಬ್ಬರಲ್ಲಿ ಒಬ್ಬ ಕೊಲೆಗಾರ. ಒಬ್ಬನ ಜೊತೆ ಹುಟ್ಟಿದಳು, ಒಬ್ಬನ ಜೊತೆ ಬದುಕುತ್ತಿದ್ದಾಳೆ. ಅಂಗಡಿಯೊಳಗೆ ಬಂಡೆ ಸರಿಯಿತು ಎಂದುಕೊಂಡಿದ್ದಳಲ್ಲ, ಅದು ಸರಿದಿರಲಿಲ್ಲ, ಮಗ್ಗುಲು ಬದಲಿಸಿತ್ತು ಅಷ್ಟೆ.

ಗೇಟಿನ ಬಳಿ ಮೋಟಾರ್‌ಸೈಕಲ್ ನಿಂತ ಸದ್ದಾಯಿತು.

ಅಣ್ಣ ಗೇಟಿನ ಕಡೆ ನೋಡಿದ, ಆಮೇಲೆ ಅವಳ ಕಡೆ. ಆಸ್ಪತ್ರೆಗೆ ಎಂದಿದ್ದ ಫೋನು ಯಾರಿಗೆ ಹೋಗಿತ್ತೆಂದು ಅವನಿಗೆ ಅರ್ಥವಾಗಿತ್ತು.

ಇನ್ಸ್‌ಪೆಕ್ಟರ್ ಒಬ್ಬನೇ ಬಂದ. ಸಣಕಲು ಮನುಷ್ಯ, ಮಾತಾಡುವಾಗ ಎದುರಿನವರ ಚಪ್ಪಲಿ ನೋಡುವ ಅಭ್ಯಾಸ. ಅವನು ಟಯರು ರಾಶಿ ದಾಟಿ ಬರುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಎದ್ದವಳು ಬಂಪರಿನ ಬಲಮೂಲೆಗೆ ಒರಗಿ ನಿಂತಿದ್ದಳು. ಆ ಹೊಳೆಯುವ ಗುರುತು ಈಗ ಅವಳ ಸೀರೆಯ ಮಡಿಕೆಯ ಹಿಂದಿತ್ತು. ಗಂಡನನ್ನು ಕಾಪಾಡಲೋ, ಅಣ್ಣನನ್ನು ಕಾಪಾಡಲೋ, ಅವಳಿಗೇ ಗೊತ್ತಿರಲಿಲ್ಲ.

“ಫೋನಲ್ಲಿ ಏನೋ ಸಾಕ್ಷಿ ಅಂದ್ರಿ,” ಎಂದ ಇನ್ಸ್‌ಪೆಕ್ಟರ್ ಅವಳ ಚಪ್ಪಲಿಗೆ. “ಅದಕ್ಕೆ ಮುಂಚೆ ನಾನೇ ಒಂದು ವಿಷಯ ಹೇಳ್ಬೇಕು. ನಿಮ್ಮನ್ನ ಹುಡುಕ್ತಿದ್ದದ್ದು ಅದಕ್ಕೇ. ಸ್ವಲ್ಪ ಗಟ್ಟಿ ಮನಸ್ಸು ಮಾಡ್ಕೊಳ್ಳಿ.”

ಅವಳು ಬೆನ್ನನ್ನು ಬಂಪರಿಗೆ ಇನ್ನಷ್ಟು ಒತ್ತಿದಳು.

“ನಿಮ್ಮ ಯಜಮಾನ್ರು ಮಧ್ಯಾಹ್ನ ಒಪ್ಕೊಂಡ್ರು. ನಾವು ಕೈ ಕೂಡ ಎತ್ತಲಿಲ್ಲ, ತಾವಾಗೇ ಕರೆದು ಹೇಳಿದ್ರು.”

ಹೇಗೆ ಮಾಡಿದನೆಂದೂ ಬಿಡಿಸಿ ಹೇಳಿದ್ದಾನಂತೆ. ಗಡ್ಡನ ಜೊತೆ ಗಡ್ಡನ ಜೀಪಿನಲ್ಲೇ ಗಣಿಗೆ ಹೋದದ್ದು. ಜೀಪಿನ ಮೂತಿಗೆ ತನ್ನ ಉದ್ದ ಜಾಕ್ ಕೊಟ್ಟು ಎತ್ತಿದ್ದು. ಗಡ್ಡ ಅಡಿಗೆ ಹೋದ ಮೇಲೆ ಲಿವರ್ ತಿರುಗಿಸಿ ಇಳಿಸಿದ್ದು. ಬೇರೆ ಯಾರೂ ಇರಲಿಲ್ಲ, ಬೇರೆ ಗಾಡಿಯೂ ಇರಲಿಲ್ಲ ಎಂಬುದನ್ನು ಮಾತ್ರ ಕೇಳದಿದ್ದರೂ ಎರಡೆರಡು ಸಲ ಹೇಳಿದನಂತೆ.

ಪ್ರಶ್ನೆಪತ್ರಿಕೆಯ ಮಾತು ಅವಳ ಕಿವಿಯಲ್ಲಿ ಮತ್ತೆ ಕೇಳಿಸಿತು.

ಪ್ಲಾಸ್ಟಿಕ್ ಮೂತಿಗೆ ಉದ್ದ ಜಾಕ್. ಒಂದು ಬೆರಳಗಲ ಕೂಡ ಮೇಲೇಳುವುದಿಲ್ಲ. ಆ ಕಬ್ಬಿಣದ ಬಂಪರನ್ನು ಬಿಚ್ಚಿ ಹಿತ್ತಲಿಗೆ ಹೊತ್ತು ತಂದವನೇ ಅವಳ ಗಂಡ. ಊರಲ್ಲಿ ಯಾರಿಗೆ ಗೊತ್ತಿರದಿದ್ದರೂ ಅವನಿಗೆ ಗೊತ್ತು. ಗೊತ್ತಿದ್ದೂ, ಆಗಲು ಸಾಧ್ಯವೇ ಇಲ್ಲದ ಕೆಲಸವನ್ನು ನಾನು ಮಾಡಿದೆ ಎಂದು ಒಪ್ಪಿಕೊಂಡಿದ್ದಾನೆ. ಬೇರೆ ಗಾಡಿ ಇರಲಿಲ್ಲ ಎಂದಿದ್ದಾನೆ. ಈ ಗಾಡಿಯನ್ನು ಮುಚ್ಚಿಡುವುದಕ್ಕೆ. ಅವಳು ಈಗ ಒರಗಿ ನಿಂತಿರುವ ಈ ಗಾಡಿಯನ್ನು.

ಯಾರಿಗಾಗಿ? ತಾನೇ ಕೀ ಇಸಿದುಕೊಂಡು ಹೋಗಿದ್ದನ್ನು ಮುಚ್ಚಲೋ, ಕೀ ಅಣ್ಣನ ಕೈಯನ್ನು ಬಿಟ್ಟಿರಲೇ ಇಲ್ಲವೆಂಬುದನ್ನು ಮುಚ್ಚಲೋ?

ಬಾಯಿ ಬಿಟ್ಟರೆ ಗಂಡನ ತಪ್ಪೊಪ್ಪಿಗೆ ಇಲ್ಲೇ ಈಗಲೇ ಪುಡಿಯಾಗುತ್ತದೆ. ಅದರ ಹಿಂದೆಯೇ ಇನ್ಸ್‌ಪೆಕ್ಟರ್ ಕೇಳುವ ಮೊದಲ ಪ್ರಶ್ನೆ, ಹಾಗಾದರೆ ಯಾವ ಗಾಡಿ. ಬಾಯಿ ಬಿಡದಿದ್ದರೆ ನಾಳೆ ಬೆಳಿಗ್ಗೆ ಎಲ್ಲ ಮುಗಿಯುತ್ತದೆ.

ಅವಳು ಅಣ್ಣನ ಕಡೆ ನೋಡಿದಳು. ತಂಗಿಯ ಗಂಡ ತಪ್ಪೊಪ್ಪಿಕೊಂಡ ಸುದ್ದಿ ಕೇಳಿದವನ ಮುಖ. ಅದರಲ್ಲಿ ಆಶ್ಚರ್ಯ ಇರಲಿಲ್ಲ, ದುಃಖವೂ ಇರಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ, ಎಕ್ಸ್‌ರೇ ಫಿಲ್ಮ್ ನೋಡುವವನ ಹಾಗೆ, ಒಳಗಿನದನ್ನು. ಅವನ ಕೈ ಮತ್ತೆ ಲಿವರಿನ ಹತ್ತಿರವಿತ್ತು.

“ಹೇಳಿ ಮೇಡಂ,” ಎಂದ ಇನ್ಸ್‌ಪೆಕ್ಟರ್. “ನಿಮ್ಮ ಸಾಕ್ಷಿ ಏನು?”

ಅವಳ ಮುಖ ನಿಂತ ನೀರಾಗಿತ್ತು. ಬೆನ್ನಿಗೆ ತಾಗಿದ ಕಬ್ಬಿಣ ಬಿಸಿಲಿಗೆ ಕಾದಿದ್ದರೂ ಅವಳಿಗೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ಇನ್ಸ್‌ಪೆಕ್ಟರ್ ಚಪ್ಪಲಿಯಿಂದ ಕಣ್ಣೆತ್ತಿದ. ಗಾಳಿಯಲ್ಲಿದ್ದ ಚಕ್ರ ನೋಡಿದ, ಜಾಕ್ ನೋಡಿದ, ಅಣ್ಣನ ಕೈ ನೋಡಿದ, ಅವಳ ಸೀರೆ ಮರೆಮಾಡಿದ್ದ ಬಂಪರಿನ ಮೂಲೆ ನೋಡಿದ. ಕೊನೆಗೆ, ಈ ವಾರದಲ್ಲಿ ಮೊದಲ ಸಲ, ನೇರವಾಗಿ ಅವಳನ್ನು ನೋಡಿದ.

“ಎತ್ತಿರೋ ಗಾಡಿಗೆ ಹಾಗೆ ಒರಗಿ ನಿಲ್ಬಾರ್ದು ಮೇಡಂ,” ಎಂದ. “ಸ್ವಲ್ಪ ಈ ಕಡೆ ಬನ್ನಿ.”